ಮೂಗುದಾಣ ಸಡಿಲಿಸುವುದೋ, ಬಿಚ್ಚಿಬಿಡುವುದೋ

ಹಾವೇರಿಯ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ಗೊತ್ತಾದ ಮೇಲೆ ಅಂಗೈಯನ್ನು ಅದರ ಹೆಗಲ ಮೇಲೆ ಆಡಿಸುತ್ತಾನೆ. ನೊಗ ಕೂರುವ ಆ ಜಾಗದಲ್ಲಿ ಕೂದಲು ಸವೆದು, ಚರ್ಮ ದಪ್ಪಗಾಗಿ, ಮುಟ್ಟಿದರೂ ಎತ್ತು ಅಲುಗದೆ ನಿಂತಿದ್ದರೆ ಅದು ಗಳೆಗೆ, ಅಂದರೆ ನೊಗ ಹೊತ್ತು ಉಳುವ ಕೆಲಸಕ್ಕೆ, ಪಳಗಿದೆ ಎಂದು ಲೆಕ್ಕ. ಬಾವು ಬಂದು, ಬೆರಳು ಒತ್ತಿದ ಕೂಡಲೇ ಮೈ ಜಗ್ಗಿದರೆ ಹೆಗಲು ಕೆಟ್ಟಿದೆ ಎಂದು ಲೆಕ್ಕ. ಅದಾದ ಮೇಲೆ ದಲಾಲಿಯ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರುತ್ತದೆ. ಎಳೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಸಂತೆಗೆ ಹೋಗುತ್ತಿದ್ದ ನನಗೆ ಟವೆಲ್ಲಿನ ಕೆಳಗೆ ನಡೆಯುವ ವ್ಯವಹಾರಕ್ಕಿಂತ, ಕೈ ತಾಗಿದಾಗ ಥಟ್ಟನೆ ನಡುಗಿ ಹಿಂದೆ ಸರಿಯುತ್ತಿದ್ದ ಆ ಹೆಗಲ ಚರ್ಮವೇ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಆ ಹೆಗಲಿನ ಬಗ್ಗೆ ಎರಡು ಬಗೆಯ ಪ್ರಶ್ನೆಗಳನ್ನು ಕೇಳಬಹುದು. ನೊಗವನ್ನು ನುಣ್ಣಗೆ ಕೆತ್ತಿಸಿದ್ದರೆ, ಹೇರನ್ನು ಕಡಿಮೆ ಮಾಡಿದ್ದರೆ, ಬಾವು ಕಂಡ ದಿನವೇ ಎತ್ತಿಗೆ ವಿಶ್ರಾಂತಿ ಕೊಟ್ಟು ಪಶುವೈದ್ಯರಿಗೆ ತೋರಿಸಿದ್ದರೆ ಈ ನೋವು ತಪ್ಪುತ್ತಿರಲಿಲ್ಲವೇ ಎಂಬುದು ಒಂದು. ತನ್ನದೇ ಬದುಕನ್ನು ಬದುಕಲು ಹುಟ್ಟಿದ ಜೀವಿಯೊಂದರ ಹೆಗಲ ಮೇಲೆ ನೊಗ ಇಡುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದು ಪ್ರಾಣಿ ಕಲ್ಯಾಣದ, ಅಂದರೆ ಸುಧಾರಣೆಯ ವಾದ. ಎರಡನೆಯದು ಪ್ರಾಣಿಗಳ ಬಳಕೆಯನ್ನೇ ಕೊನೆಗೊಳಿಸಬೇಕೆನ್ನುವ ವಾದ. ಜೀತವಿಮುಕ್ತಿ ಎಂಬ ಮಾತು ನಮಗೆ ಪರಿಚಿತವಾಗಿರುವುದರಿಂದ ಇದನ್ನು ಇಲ್ಲಿ ವಿಮುಕ್ತಿ ವಾದ ಎಂದು ಕರೆಯುತ್ತೇನೆ. ಇವೆರಡೂ ಒಂದೇ ದಾರಿಯ ಮೇಲಿನ ನಿಧಾನದ ಮತ್ತು ಅವಸರದ ನಡಿಗೆಗಳು ಎಂದು ಹೊರಗಿನಿಂದ ನೋಡುವವರು ತಿಳಿಯುವುದುಂಟು. ಹಾಗಿಲ್ಲ. ಸುಧಾರಣೆಯ ಪಕ್ಷಕ್ಕೆ ಕೆಡುಕು ಇರುವುದು ನೋವಿನಲ್ಲಿ. ವಿಮುಕ್ತಿಯ ಪಕ್ಷಕ್ಕೆ ಕೆಡುಕು ಇರುವುದು ಒಡೆತನದಲ್ಲಿ. ಒಂದಿಷ್ಟೂ ನೋಯಿಸದೆ ಸಾಕಿದ ಎತ್ತಿನ ವಿಷಯದಲ್ಲಿಯೂ ಎರಡನೆಯ ಪಕ್ಷದ ಆಕ್ಷೇಪ ಹಾಗೆಯೇ ಉಳಿಯುತ್ತದೆ.

ಸುಧಾರಣೆಯ ವಾದಕ್ಕೆ ಎರಡು ಶತಮಾನಗಳ ಇತಿಹಾಸವಿದೆ. ಪ್ರಾಣಿಗಳ ವಿಷಯದಲ್ಲಿ ಕೇಳಬೇಕಾದದ್ದು ಅವು ತರ್ಕ ಮಾಡಬಲ್ಲವೇ, ಮಾತನಾಡಬಲ್ಲವೇ ಎಂದಲ್ಲ, ನೋವುಣ್ಣಬಲ್ಲವೇ ಎಂದು ಎಂಬ ವಿಚಾರವನ್ನು ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 1789ರಲ್ಲಿ ಮುಂದಿಟ್ಟರು. 1822ರಲ್ಲಿ ಬ್ರಿಟನ್ನಿನ ಸಂಸತ್ತು ದನಕರು, ಕುದುರೆ, ಕುರಿಗಳಂಥ ಪ್ರಾಣಿಗಳನ್ನು ಕ್ರೂರವಾಗಿ ನಡೆಸಿಕೊಳ್ಳುವುದನ್ನು ತಡೆಯುವ ಕಾನೂನು ಮಾಡಿತು. ಎರಡನೆಯ ಮಹಾಯುದ್ಧದ ನಂತರ ಕೋಳಿ, ಹಂದಿ, ಕರುಗಳನ್ನು ಕಾರ್ಖಾನೆಯ ಸರಕಿನಂತೆ ಸಾಕುವ ಪದ್ಧತಿ ಹಬ್ಬಿದಾಗ ಅದರ ವಿರುದ್ಧ ಜನರ ದನಿ ಎದ್ದಿತು; 1965ರಲ್ಲಿ ಬ್ರ್ಯಾಂಬೆಲ್ ಸಮಿತಿ ಅಲ್ಲಿನ ಸರ್ಕಾರಕ್ಕೆ ವರದಿ ಕೊಟ್ಟಿತು. ಆ ವರದಿಯ ವಿಚಾರಗಳೇ ಬೆಳೆದು 1979ರ ಹೊತ್ತಿಗೆ ‘ಐದು ಸ್ವಾತಂತ್ರ್ಯ’ಗಳಾದವು: ಹಸಿವು ಬಾಯಾರಿಕೆಗಳಿಂದ, ಇಕ್ಕಟ್ಟು ಅನನುಕೂಲಗಳಿಂದ, ನೋವು ಗಾಯ ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ, ಮತ್ತು ತನ್ನ ಜಾತಿಗೆ ಸಹಜವಾದ ರೀತಿಯಲ್ಲಿ ನಡೆದುಕೊಳ್ಳುವ ಅವಕಾಶ. ಇಂದು ಪಶುವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಣಿ ಕಲ್ಯಾಣವೆಂದು ಕಲಿಸುವುದಕ್ಕೆ ಈ ಐದು ಮಾತುಗಳೇ ಅಡಿಪಾಯ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಸಂಸತ್ತಿನ ಬಾಗಿಲಿಗೆ ತಂದವರು ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಅವರು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಇದಕ್ಕಾಗಿ ಕಾನೂನು ತರುತ್ತದೆ ಎಂದು ಪ್ರಧಾನಿ ನೆಹರು ಭರವಸೆ ಕೊಟ್ಟ ಮೇಲೆ ಮಸೂದೆಯನ್ನು ಹಿಂದಕ್ಕೆ ಪಡೆದರು. ಆ ಭರವಸೆಯ ಫಲ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. 1962ರಲ್ಲಿ ಆರಂಭವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು.

ಈ ಕಾಯ್ದೆಯ ಜೀವಾಳವೆಲ್ಲ ಒಂದು ಪದದಲ್ಲಿದೆ, ಮತ್ತು ನಮ್ಮ ಚರ್ಚೆಯೂ ಕೊನೆಗೆ ಆ ಪದದ ಸುತ್ತಲೇ ಸುತ್ತುತ್ತದೆ. ಪ್ರಾಣಿಗಳಿಗೆ ನೋವು ಕೊಡುವುದನ್ನು ತಡೆಯುತ್ತೇನೆ ಎಂದು ಕಾಯ್ದೆ ಹೇಳುವುದಿಲ್ಲ. ‘ಅನಗತ್ಯ’ ನೋವು ಕೊಡುವುದನ್ನು ತಡೆಯುತ್ತೇನೆ ಎನ್ನುತ್ತದೆ. ಅಗತ್ಯದ ನೋವು ಯಾವುದು ಎಂಬುದಕ್ಕೆ ಅದರ 11ನೆಯ ಸೆಕ್ಷನ್ನಿನಲ್ಲೇ ಪಟ್ಟಿ ಇದೆ. ಗೊತ್ತುಪಡಿಸಿದ ಕ್ರಮದಲ್ಲಿ ಕೋಡು ತೆಗೆಯುವುದು, ಬೀಜ ಒಡೆಸುವುದು, ಬರೆ ಹಾಕುವುದು, ಮೂಗುದಾಣ ಪೋಣಿಸುವುದು ಅಪರಾಧವಲ್ಲ. ಆಹಾರಕ್ಕಾಗಿ ಕೊಲ್ಲುವುದೂ, ಅನಗತ್ಯ ನೋವು ಜೊತೆಗೂಡದಿದ್ದರೆ, ಅಪರಾಧವಲ್ಲ. ಅಂದರೆ ಎತ್ತು ಎತ್ತಾಗುವುದಕ್ಕೆ ಏನೆಲ್ಲ ಆಗಬೇಕೋ ಅದೆಲ್ಲವೂ ಕಾನೂನಿನ ಕಣ್ಣಿನಲ್ಲಿ ಅಗತ್ಯ. ಅದಕ್ಕಿಂತ ಹೆಚ್ಚಿನದು ಅನಗತ್ಯ.

ಇದರ ಕೆಳಗೆ 1965ರಲ್ಲಿ ಬಂದ ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ನಿಯಮಗಳನ್ನು ನಮ್ಮ ಕಡೆಯ ರೈತರು ಓದಿದರೆ ಅಚ್ಚರಿಪಡಬಹುದು, ಏಕೆಂದರೆ ಅವು ಅಷ್ಟು ವಿವರವಾಗಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ನಡುವೆ ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಬಾರದು. ಮೊಳೆ ಹೊಡೆದ ಕೋಲಿನಿಂದ ತಿವಿಯಬಾರದು. ಗಾಡಿಯ ಬಗೆ ಮತ್ತು ಎತ್ತಿನ ಗಾತ್ರ ನೋಡಿ ಹೇರಿನ ಮಿತಿಯನ್ನೂ ಗೊತ್ತುಮಾಡಲಾಗಿದೆ. ಗದಗ ಸೀಮೆಯ ಎರೆಹೊಲಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 37 ಡಿಗ್ರಿ ದಾಟುವುದು ಹೊಸದೇನಲ್ಲ. ಓದು ಬಾರದ ನಮ್ಮ ಹಿರಿಯರೂ ಬೆಳಗಿನ ಜಾವ ಗಳೆ ಹೂಡಿ, ಬಿಸಿಲೇರುವ ಮುನ್ನ ಕೊಳ್ಳು ಹರಿದು, ಅಂದರೆ ನೊಗ ಇಳಿಸಿ, ಎತ್ತುಗಳನ್ನು ನೆರಳಿಗೆ ಕಟ್ಟುತ್ತಿದ್ದರು ಎಂಬುದನ್ನು ನೆನೆದರೆ, ಒಳ್ಳೆಯ ಒಕ್ಕಲುತನದ ರೂಢಿಯನ್ನೇ ಈ ನಿಯಮಗಳು ಬರಹಕ್ಕೆ ಇಳಿಸಿದಂತೆ ಕಾಣುತ್ತದೆ. ಆದರೆ ಕಾಯ್ದೆಯ 11ನೆಯ ಸೆಕ್ಷನ್ ಮೀರಿದವರಿಗೆ ಇರುವ ದಂಡವೆಷ್ಟು? ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. 1960ರಲ್ಲಿ ಅದಕ್ಕೊಂದು ತೂಕವಿದ್ದಿರಬೇಕು. ಇಂದು ಆ ಹಣಕ್ಕೆ ಎತ್ತಿನ ಒಂದು ಹೊತ್ತಿನ ಹಿಂಡಿಯೂ ಸರಿಯಾಗಿ ಬರುವುದಿಲ್ಲ. ಇದು ಸುಧಾರಣೆಯ ಪಕ್ಷದವರನ್ನೇ ಬಹಳ ಕಾಲದಿಂದ ಕಾಡುತ್ತಿರುವ ನೋವು.

ವಿಮುಕ್ತಿ ವಾದಿಗಳು ಈ ದುರ್ಬಲ ದಂಡವನ್ನು ಆಕಸ್ಮಿಕವೆಂದು ಒಪ್ಪುವುದಿಲ್ಲ. ಅಮೆರಿಕದ ಕಾನೂನು ಪ್ರಾಧ್ಯಾಪಕ ಗ್ಯಾರಿ ಫ್ರಾನ್ಸಿಯೋನ್ 1990ರ ದಶಕದಿಂದ ಹೇಳುತ್ತ ಬಂದಿರುವ ಮಾತಿನ ಸಾರ ಹೀಗಿದೆ: ಪ್ರಾಣಿ ಎಲ್ಲಿಯವರೆಗೆ ಆಸ್ತಿಯಾಗಿರುತ್ತದೆಯೋ ಅಲ್ಲಿಯವರೆಗೆ ಮಾಲೀಕನ ಹಿತ ಮತ್ತು ಪ್ರಾಣಿಯ ಹಿತ ತಕ್ಕಡಿಗೆ ಬಂದಾಗಲೆಲ್ಲ ಮಾಲೀಕನ ತಟ್ಟೆಯೇ ಇಳಿಯುತ್ತದೆ, ಅವನ ಉದ್ದೇಶಕ್ಕೆ ಬೇಕಾದ ನೋವೆಲ್ಲ ‘ಅಗತ್ಯ’ ಎನಿಸಿಕೊಳ್ಳುತ್ತದೆ. ದನ ಎಂಬ ಮಾತಿನೊಳಗೇ ಧನವಿದೆ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಇಂದು ಹಸು ಎಮ್ಮೆಗಳ ಕಿವಿಯಲ್ಲಿ ತೂಗುವ 12 ಅಂಕಿಗಳ ಹಳದಿ ಓಲೆ ಲಸಿಕೆಯ ದಾಖಲೆಗೆ, ವಿಮೆಯ ಹಣಕ್ಕೆ ಉಪಯುಕ್ತ. ಅದೇ ಓಲೆ ಅದು ಯಾರ ಸೊತ್ತು ಎಂಬುದರ ಗುರುತೂ ಹೌದು. ಫ್ರಾನ್ಸಿಯೋನ್‌ಗಿಂತ ಮುಂಚೆ, 1983ರಲ್ಲಿ, ಟಾಮ್ ರೀಗನ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞರು ಬೇರೆ ದಾರಿಯಿಂದ ಇದೇ ಕಡೆಗೆ ಬಂದಿದ್ದರು. ನೆನಪು, ಬಯಕೆ, ಭಯ, ನಾಳೆಯ ನಿರೀಕ್ಷೆ ಇರುವ ಜೀವಿಗೆ ತನ್ನ ಬದುಕು ತನಗೇ ಮುಖ್ಯ. ಅದರ ಬೆಲೆ ಬೇರೆಯವರಿಗೆ ಅದರಿಂದ ಆಗುವ ಉಪಯೋಗದ ಮೇಲೆ ನಿಂತಿಲ್ಲ. ಹೀಗಿರುವಾಗ ಪಂಜರವನ್ನು ದೊಡ್ಡದು ಮಾಡುವುದಲ್ಲ, ಖಾಲಿ ಮಾಡುವುದೇ ನ್ಯಾಯ ಎಂಬುದು ಅವರ ನಿಲುವು.

ಇವರೊಂದಿಗೆ ಹೆಚ್ಚಾಗಿ ಹೆಸರಿಸಲಾಗುವ ಆಸ್ಟ್ರೇಲಿಯಾದ ಪೀಟರ್ ಸಿಂಗರ್ 1975ರಿಂದ ಈ ಚಳವಳಿಯ ಬಹು ದೊಡ್ಡ ಹೆಸರಾದರೂ, ಕಟ್ಟುನಿಟ್ಟಾಗಿ ನೋಡಿದರೆ ವಿಮುಕ್ತಿಯ ಪಕ್ಷದವರಲ್ಲ. ಅವರ ತಕ್ಕಡಿಯಲ್ಲಿರುವುದು ಹಕ್ಕಲ್ಲ, ಸುಖದುಃಖಗಳ ಮೊತ್ತ. ನೋವನ್ನು ಕಡಿಮೆ ಮಾಡುವ ಪ್ರತಿಯೊಂದು ಸುಧಾರಣೆಗೂ ಅವರು ಬೆಂಬಲ ಕೊಡುತ್ತಾರೆ.

ವಿಮುಕ್ತಿ ವಾದವನ್ನು ನಮ್ಮ ಅನುಭವದಿಂದ ಅರಿಯಬೇಕಾದರೆ ಜೀತದ ಉದಾಹರಣೆ ಹತ್ತಿರದ್ದು. 1976ರ ಕಾಯ್ದೆ ಜೀತ ಪದ್ಧತಿಯನ್ನು ರದ್ದು ಮಾಡಿತು. ಜೀತದಾಳಿಗೆ ಹೊಟ್ಟೆ ತುಂಬ ಊಟ ಹಾಕಿ, ಹೊಡೆಯಬೇಡಿ ಎಂದು ಹೇಳಿ ಸುಮ್ಮನಾಗಲಿಲ್ಲ. ದಯೆಯುಳ್ಳ ಒಡೆಯನ ಮನೆಯ ಜೀತವೂ ಜೀತವೇ ಎಂಬುದನ್ನು ನಾವು ಒಪ್ಪಿದ್ದೇವೆ. ಅದೇ ನ್ಯಾಯವನ್ನು ಪ್ರಾಣಿಗಳಿಗೂ ಹಿಡಿಯಿರಿ ಎಂಬುದು ಈ ವಾದದ ಬೇಡಿಕೆ. ಈ ಹೋಲಿಕೆಯನ್ನು ಬಳಸುವಾಗ ನಾನು ಹಿಂಜರಿಯುತ್ತೇನೆ. ಶತಮಾನಗಳ ಕಾಲ ಮನುಷ್ಯರನ್ನು ದನಕ್ಕಿಂತ ಕಡೆಯಾಗಿ ಕಂಡ ಊರುಗಳಲ್ಲಿ, ಆ ಅವಮಾನವನ್ನು ಉಂಡ ಮನೆತನಗಳ ಎದುರು, ಇದನ್ನು ಹಗುರವಾಗಿ ಆಡುವಂತಿಲ್ಲ. ಜೀತದಿಂದ ಬಿಡುಗಡೆಯಾದವನು ತನ್ನ ಕೂಲಿಯನ್ನು ತಾನೇ ಕೇಳಬಲ್ಲ, ಬೇರೆ ಊರಿಗೆ ಹೋಗಬಲ್ಲ, ಮತ ಹಾಕಬಲ್ಲ. ಮೂಗುದಾಣ ಬಿಚ್ಚಿಸಿಕೊಂಡ ಎತ್ತು ಹೋಗುವುದಾದರೂ ಎಲ್ಲಿಗೆ? ಹೋಲಿಕೆ ಕುಂಟುವುದು ಇಲ್ಲಿ, ಮತ್ತು ವಿಮುಕ್ತಿ ವಾದದ ಅತ್ಯಂತ ಕಷ್ಟದ ಪ್ರಶ್ನೆ ಇರುವುದೂ ಇಲ್ಲಿಯೇ.

ಅದಕ್ಕೆ ಹೋಗುವ ಮುನ್ನ, ಎರಡು ವಾದಗಳೂ ನಮ್ಮ ಕಣ್ಣೆದುರೇ ಮುಖಾಮುಖಿಯಾಗುವ ಜಾಗವೊಂದನ್ನು ನೋಡಬೇಕು. ದೀಪಾವಳಿಯ ಬಲಿಪಾಡ್ಯದ ನಂತರ ಹಾವೇರಿ, ಬ್ಯಾಡಗಿ, ಹಾನಗಲ್ಲ ಕಡೆಯ ಊರೂರಲ್ಲಿ ಹೋರಿ ಹಬ್ಬ ನಡೆಯುತ್ತದೆ. ಸ್ಪರ್ಧೆಯ ಹೋರಿಯನ್ನು ಸಾಕುವವರು ಅದನ್ನು ಗಳೆಗೆ ಹೂಡುವುದಿಲ್ಲ. ಹತ್ತಿಕಾಳು, ಹಿಂಡಿ, ಹುರುಳಿ ಹಾಕಿ, ದಿನಾ ಮೈ ತೊಳೆದು, ಈಜಿಸಿ, ಓಡಿಸಿ, ಮನೆಯ ಮಗನಂತೆ ನೋಡಿಕೊಳ್ಳುತ್ತಾರೆ. ಅದು ಸತ್ತರೆ ಊರೆಲ್ಲ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಹಬ್ಬದ ದಿನ ಕೋಡುಗಳಿಗೆ ಬಣ್ಣ, ಬಲೂನು, ಮೈಮೇಲೆ ಜೂಲ, ಕೊರಳಲ್ಲಿ ಒಣಕೊಬ್ಬರಿಯ ಹಾರ. ಅಖಾಡದ ಬಾಯಲ್ಲಿ ಹಗ್ಗ ಬಿಟ್ಟ ಕ್ಷಣ ಆ ಹೋರಿಯನ್ನು ಹತ್ತಿರದಿಂದ ಕಂಡವರಿಗೆ ಗೊತ್ತು: ಕಿವಿಗಳು ಹಿಂದಕ್ಕೆ ಅಂಟುತ್ತವೆ, ಕಣ್ಣಿನ ಬಿಳಿಭಾಗ ಹೊರಗೆ ಕಾಣುತ್ತದೆ, ಎರಡೂ ಬದಿಯ ಜನರ ಕೂಗಿನ ನಡುವೆ ತೆರೆದಿರುವ ಒಂದೇ ದಾರಿಗೆ ಅದು ಬಿದ್ದಂಬೀಳ ನುಗ್ಗುತ್ತದೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಕೊಬ್ಬರಿ ಬಿಟ್ಟುಕೊಡದೆ ಪಾರಾದ ಹೋರಿ ಗೆದ್ದ ಹಾಗೆ. ತಿವಿತಕ್ಕೆ ಸಿಕ್ಕು ಪ್ರಾಣ ಕಳೆದುಕೊಂಡ ಯುವಕರ ಸುದ್ದಿಯನ್ನೂ ನಾವು ಮತ್ತೆ ಮತ್ತೆ ಓದಿದ್ದೇವೆ.

ಐದು ಸ್ವಾತಂತ್ರ್ಯಗಳ ಲೆಕ್ಕ ಹಿಡಿದರೆ ವರ್ಷದ ಬಹುಪಾಲು ದಿನ ಈ ಹೋರಿಗೆ ಇರುವಷ್ಟು ಸುಖ ನಮ್ಮ ಸೀಮೆಯ ಬೇರೆ ಯಾವ ದನಕ್ಕೂ ಇಲ್ಲ. ಆದರೆ ಆಟದ ಹೆಸರೇ ಹೋರಿ ಬೆದರಿಸುವುದು. ಭಯದಿಂದ ಬಿಡುಗಡೆ ಎಂಬ ಮಾತು ಈ ಹೆಸರಿನ ಜೊತೆ ಹೇಗೆ ಹೊಂದುತ್ತದೆ? ಸುಧಾರಣೆಯ ದಾರಿ ಇಲ್ಲಿ ಸಾಕಷ್ಟು ಮಾಡಬಹುದು: ಗಟ್ಟಿ ಬೇಲಿ, ಪಶುವೈದ್ಯರ ತಪಾಸಣೆ, ಬಾಲ ತಿರುಚುವುದಕ್ಕೆ ಹಾಗೂ ಚುಚ್ಚುವುದಕ್ಕೆ ತಡೆ, ಓಟ ಮುಗಿದ ಕಡೆ ನೀರು ನೆರಳು. ಇಷ್ಟೆಲ್ಲ ಮಾಡಿದ ಮೇಲೂ ಬೆದರಿಕೆಯನ್ನು ತೆಗೆದರೆ ಆಟವೇ ಉಳಿಯುವುದಿಲ್ಲ. ಸುಧಾರಣೆಗೆ ಒಂದು ಎಲ್ಲೆ ಇದೆ ಎಂದು ವಿಮುಕ್ತಿ ವಾದಿಗಳು ಹೇಳುವುದು ಇದನ್ನೇ, ಮತ್ತು ಈ ಒಂದು ಸಂಗತಿಯಲ್ಲಿ ಅವರ ಮಾತನ್ನು ಅಲ್ಲಗಳೆಯಲು ನನಗೆ ಸಾಧ್ಯವಾಗಿಲ್ಲ. ಹಬ್ಬದ ದಿನ ನನ್ನ ಊರಿನವರ ಮುಖದಲ್ಲಿ ಕಾಣುವ ಸಂಭ್ರಮ ನನಗೂ ಪ್ರಿಯವಾದದ್ದು ಎಂಬುದನ್ನು ಬಲ್ಲೆ, ಬಲ್ಲೆನೆಂದೇ ಇದನ್ನು ಬರೆಯುವುದು ಸುಲಭವಾಗಿಲ್ಲ.

ಸರ್ವೋಚ್ಚ ನ್ಯಾಯಾಲಯವೂ ಹೋರಿಗಳ ಆಟದ ಪ್ರಶ್ನೆಯಲ್ಲಿ ಎರಡು ಕಡೆಗೆ ನಡೆದಿದೆ. 2014ರ ಮೇ 7ರಂದು ಕೊಟ್ಟ ತೀರ್ಪಿನಲ್ಲಿ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ಅದು ತಡೆಯಿತು. ಐದು ಸ್ವಾತಂತ್ರ್ಯಗಳನ್ನು ನಮ್ಮ ಕಾಯ್ದೆಯೊಳಗೇ ಕಂಡಿತು. ಸಂವಿಧಾನದ 51ಎ ವಿಧಿ ಹೇಳುವ ಜೀವದಯೆಯ ಕರ್ತವ್ಯವನ್ನು ನೆನಪಿಸಿತು. ಹೋರಿ ಓಟಕ್ಕೆಂದು ಹುಟ್ಟಿದ ಪ್ರಾಣಿಯಲ್ಲ, ಅದು ಓಡುವುದು ಅಪಾಯದಿಂದ ತಪ್ಪಿಸಿಕೊಳ್ಳಲು ಎಂಬ ವಿಚಾರವೂ ಆ ತೀರ್ಪಿನಲ್ಲಿದೆ. 2017ರಲ್ಲಿ ತಮಿಳುನಾಡು ಜಲ್ಲಿಕಟ್ಟಿಗಾಗಿ, ಕರ್ನಾಟಕ ಕಂಬಳ ಮತ್ತು ಹೋರಿ ಹಾಗೂ ಎತ್ತಿನ ಗಾಡಿಗಳ ಓಟಕ್ಕಾಗಿ 1960ರ ಕಾಯ್ದೆಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಹೊಸ ನಿಯಮಗಳಿಂದ ನೋವು ಕಡಿಮೆಯಾಗಿದೆ ಎಂಬುದನ್ನು ಅದು ಒಪ್ಪಿತು. ಇದು ನಾಡಿನ ಸಂಸ್ಕೃತಿಯ ಭಾಗವೇ ಎಂಬುದನ್ನು ಶಾಸನಸಭೆಯ ನಿರ್ಣಯಕ್ಕೆ ಬಿಟ್ಟಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳನ್ನು ಕೊಡುವ ದಾರಿಯಲ್ಲಿ ಹೆಜ್ಜೆ ಇಡಲಿಲ್ಲ. ಮೊದಲ ತೀರ್ಪಿನಲ್ಲಿ ಕೇಳಿಸಿದ್ದ ಹಕ್ಕಿನ ಮಾತು ಎರಡನೆಯದರಲ್ಲಿ ಮತ್ತೆ ಕಲ್ಯಾಣದ ಮಾತಿಗೆ ಇಳಿಯಿತು ಎಂದರೆ ತಪ್ಪಾಗದು.

ಹಾಗೆಂದು ನಮ್ಮ ಕಾನೂನು ಬಳಕೆಯನ್ನೇ ನಿಲ್ಲಿಸಿದ ಉದಾಹರಣೆಗಳು ಇಲ್ಲವೆಂದಲ್ಲ. ಗ್ರಾಮದೇವತೆಗಳ ಜಾತ್ರೆಯಲ್ಲಿ ಕೋಣ ಕಡಿಯುವುದನ್ನು ‘ನೋವಾಗದಂತೆ ಮಾಡಿ’ ಎಂದು ಹೇಳದೆ, 1959ರಲ್ಲಿ ಆಗಿನ ಮೈಸೂರು ರಾಜ್ಯ ಪ್ರಾಣಿಬಲಿಯನ್ನೇ ನಿಷೇಧಿಸಿತು. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಸರ್ಕಸ್ಸಿನಲ್ಲಿ ಆಡಿಸದಂತೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಿಂತಿತು. ನನ್ನ ಬಾಲ್ಯದಲ್ಲಿ ಊರಿಗೆ ಬರುತ್ತಿದ್ದ, ಮೂತಿಗೆ ಹಗ್ಗ ಪೋಣಿಸಿದ ಕುಣಿಯುವ ಕರಡಿಯನ್ನು ಇಂದಿನ ಮಕ್ಕಳು ನೋಡಿಲ್ಲ. ಆ ಕರಡಿಗಳನ್ನು ಪುನರ್ವಸತಿ ಕೇಂದ್ರಗಳಿಗೆ ಒಪ್ಪಿಸಿಕೊಂಡಾಗ ಅವನ್ನೇ ನಂಬಿದ್ದ ಖಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕಟ್ಟಿಕೊಳ್ಳಲು ನೆರವು ಕೊಡಲಾಯಿತು. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಈ ಉದಾಹರಣೆಗಳನ್ನು ನೋಡುವಾಗ ‘ಅನಗತ್ಯ’ ಎಂಬ ಪದ ಮತ್ತೆ ಎದುರಾಗುತ್ತದೆ. ಕರಡಿ ಕುಣಿತ, ಸರ್ಕಸ್ಸು, ಲಿಪ್‌ಸ್ಟಿಕ್ಕು ಇವೆಲ್ಲ ಇಲ್ಲದೆಯೂ ಬದುಕು ನಡೆಯುತ್ತದೆ ಎಂದು ಸಮಾಜಕ್ಕೆ ಅನ್ನಿಸಿದ ದಿನ, ಅವುಗಳಲ್ಲಿನ ನೋವು ಮಾತ್ರವಲ್ಲ, ಆ ಬಳಕೆಯೇ ಅನಗತ್ಯವಾಯಿತು. ನನ್ನ ತಿಳಿವಳಿಕೆಯಲ್ಲಿ ಎರಡು ವಾದಗಳು ಒಂದಕ್ಕೊಂದು ತಾಗುವ ಜಾಗ ಇದು. ಸುಧಾರಣಾವಾದಿ ತನ್ನದೇ ಪದವನ್ನು ಪ್ರಾಮಾಣಿಕವಾಗಿ ಹಿಡಿದು ಹೊರಟರೆ, ‘ಈ ಏಟು ಅನಗತ್ಯವೇ’ ಎಂಬಲ್ಲಿಗೆ ನಿಲ್ಲದೆ ‘ಈ ಕೆಲಸವೇ ಅನಗತ್ಯವೇ’ ಎಂಬಲ್ಲಿಗೆ ಬರಲೇಬೇಕು. ಎಲ್ಲ ಬಳಕೆಗಳಿಗೂ ಉತ್ತರ ಒಂದೇ ಆಗಿರಬೇಕಿಲ್ಲ. ಮಳೆಯಾಧಾರಿತ ಎರಡು ಎಕರೆ ಹೊಲದವನ ಎತ್ತಿಗೂ, ನಗರದ ಮೋಜಿಗೂ ಅಗತ್ಯದ ತೂಕ ಒಂದೇ ಅಲ್ಲ.

ಕೋಳಿಯ ವಿಷಯದಲ್ಲಿ ವಿವರಣೆ ಹೆಚ್ಚು ಬೇಡ. ಮೊಟ್ಟೆಯ ಕೋಳಿಯನ್ನು ಸಾಲುಪಂಜರದಲ್ಲಿ ಸಾಕುವಾಗ ಒಂದಕ್ಕೆ ಸಿಗುವ ಜಾಗ, ನಾವು ಅರ್ಜಿ ಬರೆಯುವ ಎ4 ಹಾಳೆಗಿಂತ ಚಿಕ್ಕದಾಗಿರುವುದು ಸಾಮಾನ್ಯ. ಅದು ರೆಕ್ಕೆ ಬಿಚ್ಚಲಾರದು, ಮಣ್ಣು ಕೆದಕಲಾರದು. ಯುರೋಪಿನ ಒಕ್ಕೂಟ 2012ರ ಜನವರಿಯಿಂದ ಅಂಥ ಬರಿಯ ಪಂಜರಗಳನ್ನು ನಿಷೇಧಿಸಿ, ಒಂದೊಂದು ಕೋಳಿಗೆ ಕನಿಷ್ಠ 750 ಚದರ ಸೆಂಟಿಮೀಟರ್ ಜಾಗ, ಕೂರಲು ಕೋಲು, ಮೊಟ್ಟೆ ಇಡಲು ಮರೆ ಇರುವ ಪಂಜರಗಳಿಗೆ ಅವಕಾಶ ಕೊಟ್ಟಿತು. ಸುಧಾರಣಾವಾದಿಗೆ ಇದು ಕೋಟಿಗಟ್ಟಲೆ ಜೀವಿಗಳ ದಿನನಿತ್ಯದ ಬದುಕಿನಲ್ಲಿ ನಿಜವಾದ ಬದಲಾವಣೆ. ವಿಮುಕ್ತಿ ವಾದಿಗೆ ಇದು ಕೊಳ್ಳುವವರ ಮನಸ್ಸಾಕ್ಷಿಯನ್ನು ಮಲಗಿಸುವ ಉಪಾಯ. ಹುಟ್ಟಿದ ದಿನವೇ ಕೊಲ್ಲಲ್ಪಡುವ ಗಂಡು ಮರಿಗಳಿಗೆ ಪಂಜರ ದೊಡ್ಡದಾದರೂ ಚಿಕ್ಕದಾದರೂ ಏನೂ ಬದಲಾಗುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದ ಕೋಳಿ ಮತ್ತಿತರ ಸಾಕುಹಕ್ಕಿಗಳ ಸಂಖ್ಯೆ 85 ಕೋಟಿ. ದನಗಳ ಬಗ್ಗೆ ಬೀದಿಗಿಳಿಯುವ ನಾವು ಈ 85 ಕೋಟಿಯ ಬಗ್ಗೆ ಮಾತೇ ಆಡುವುದಿಲ್ಲ.

ಹಾಲಿನ ವಿಷಯ ನಮಗೆ ಇನ್ನೂ ಹತ್ತಿರದ್ದು, ಇನ್ನೂ ತೊಡಕಿನದ್ದು. ಧಾರವಾಡದ ಪೇಢೆಯ ಹಿಂದೆ ಗೌಳಿಗರ ಎಮ್ಮೆಗಳಿವೆ. ಕುಡುಗೋಲಿನಂತೆ ಬಾಗಿ ಬೆನ್ನಿನ ಕಡೆಗೆ ಚಾಚಿದ ಕೋಡುಗಳ ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿಯಾಗಿ ರಾಷ್ಟ್ರೀಯ ಮನ್ನಣೆ ಪಡೆಯಿತು. ಹಾಲು ಕೊಲ್ಲದೆ ಸಿಗುವ ಆಹಾರವೆಂದೇ ನಾವು ತಿಳಿದು ಬೆಳೆದವರು. ಆದರೆ ಹಾಲಿನ ಲೆಕ್ಕವನ್ನು ಹಟ್ಟಿಯಲ್ಲಿ ನಿಂತು ನೋಡಬೇಕು. ಎಮ್ಮೆ ಹಾಲು ಕೊಡಬೇಕಾದರೆ ಈಯಬೇಕು. ಈದವುಗಳಲ್ಲಿ ಸರಿಸುಮಾರು ಅರ್ಧ ಗಂಡು. ಹೊಲದಲ್ಲಿ ಕೋಣಕ್ಕೆ ಕೆಲಸವಿಲ್ಲ, ಮಿಶ್ರತಳಿಯ ಹಸುವಿನ ಹೋರಿಗರುವಿಗೆ ನೊಗ ತಡೆಯುವ ಇಣಿ, ಅಂದರೆ ಹೆಗಲ ಡುಬ್ಬ, ಇಲ್ಲ. ಕುಡಿಯಲು ಬಿಟ್ಟ ಪ್ರತಿ ಗುಟುಕೂ ಡೇರಿಗೆ ಹಾಕುವ ಹಾಲಿನಲ್ಲಿ ಕಡಿಮೆ. ಹೀಗಾಗಿ ಗಂಡುಗರು ಎಷ್ಟೋ ಕಡೆ ಯಾರೂ ಕೈಯಾರೆ ಕೊಲ್ಲದೆಯೇ, ಹೊಟ್ಟೆಗೆ ಸಾಲದೆ, ಕೆಲವು ವಾರಗಳಲ್ಲಿ ಸಾಯುತ್ತದೆ. ಕರು ಸತ್ತ ಎಮ್ಮೆ ತೊರೆ ಬಿಡದಿದ್ದಾಗ, ಅಂದರೆ ಹಾಲು ಇಳಿಸದಿದ್ದಾಗ, ಅದರ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವ ಪದ್ಧತಿಯನ್ನು ಕೇಳಿ ಬಲ್ಲವರು ನಮ್ಮಲ್ಲಿ ಇದ್ದಾರೆ. ಆ ಹುಲ್ಲಿನ ಕರುವನ್ನು ಎಮ್ಮೆ ನೆಕ್ಕುತ್ತದೆ.

ಇಲ್ಲಿ ಸುಧಾರಣೆ ಮಾಡಬಹುದಾದದ್ದು ಬಹಳಷ್ಟಿದೆ: ಕರುವಿಗೆ ಅದರ ಪಾಲಿನ ಹಾಲು ಬಿಡುವುದು, ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಬಳಸುವುದು, ತೊರೆಗಾಗಿ ಚುಚ್ಚುಮದ್ದು ಕೊಡುವ ದುರಭ್ಯಾಸವನ್ನು ತಡೆಯುವುದು. ವಿಮುಕ್ತಿ ವಾದಿಗಳು ಹಾಲನ್ನೂ ಬಿಡಬೇಕು ಎನ್ನುತ್ತಾರೆ; 1944ರಲ್ಲಿ ಬ್ರಿಟನ್ನಿನ ಡೊನಾಲ್ಡ್ ವಾಟ್ಸನ್ ಮತ್ತವರ ಸಂಗಡಿಗರು ‘ವೀಗನ್’ ಎಂಬ ಪದ ಹುಟ್ಟಿಸಿದ್ದೇ ಈ ಕಾರಣಕ್ಕೆ, ಸಸ್ಯಾಹಾರ ಎಂಬ ಪದದೊಳಗೆ ಹಾಲು ಉಳಿದುಬಿಡುತ್ತದೆಂದು. ಮಾಂಸ ತಿನ್ನುವವರನ್ನು ಮಾತ್ರ ಹಿಂಸೆಯ ಹೊಣೆಗಾರರೆಂದು ಎಣಿಸುವ ನಮ್ಮ ರೂಢಿಗೆ ಈ ವಾದ ಕನ್ನಡಿ ಹಿಡಿಯುತ್ತದೆ, ಮತ್ತು ಅದು ಹಿಡಿಯುವುದು ಸರಿ. ಆದರೆ ಗಂಡ ತೀರಿಕೊಂಡು ಎರಡು ಎಮ್ಮೆಗಳ ಮೇಲೆ ಮಕ್ಕಳ ಶಾಲೆ ನಡೆಸುತ್ತಿರುವ ಹೆಣ್ಣುಮಗಳಿಗೆ ಈ ಮಾತನ್ನು ಹೇಳುವವನು, ಕರಡಿಯ ಸಂದರ್ಭದಲ್ಲಿ ಖಲಂದರ್ ಕುಟುಂಬಕ್ಕೆ ಕೊಟ್ಟಂತೆ, ಬೇರೊಂದು ದಾರಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಬರಬೇಕು.

ಇನ್ನು ಬಿಟ್ಟುಬಂದಿದ್ದ ಕಷ್ಟದ ಪ್ರಶ್ನೆ: ಮೂಗುದಾಣ ಬಿಚ್ಚಿದ ಎತ್ತು ಎಲ್ಲಿಗೆ ಹೋಗಬೇಕು? ಫ್ರಾನ್ಸಿಯೋನ್ ಅವರ ಉತ್ತರ ನೇರವಾಗಿದೆ. ಈಗಿರುವ ಸಾಕುಪ್ರಾಣಿಗಳನ್ನು ಅವುಗಳ ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳಬೇಕು, ಹೊಸದಾಗಿ ಹುಟ್ಟಿಸುವುದನ್ನು ನಿಲ್ಲಿಸಬೇಕು. ಮನುಷ್ಯನಿಗಾಗಿಯೇ ರೂಪುಗೊಂಡ ತಳಿಗಳು ಹೀಗೆ ಕ್ರಮೇಣ ಇಲ್ಲವಾಗಬೇಕು. ಖಿಲಾರಿ, ಅಮೃತಮಹಲ್, ಧಾರವಾಡಿ ಎಮ್ಮೆ ಯಾವುದೂ ಇಲ್ಲದ ಉತ್ತರ ಕರ್ನಾಟಕವನ್ನು ಕಲ್ಪಿಸಿಕೊಳ್ಳಲು ನನಗೆ ಆಗುವುದಿಲ್ಲ. ಆದರೆ ಯಾವ ತತ್ತ್ವಶಾಸ್ತ್ರಜ್ಞನ ಮಾತನ್ನೂ ಕೇಳದೆ ಅದೇ ಕೆಲಸವನ್ನು ಟ್ರ್ಯಾಕ್ಟರ್ ನಮ್ಮ ಎತ್ತುಗಳ ವಿಷಯದಲ್ಲಿ ಮಾಡುತ್ತ ಬಂದಿದೆ. ರಂಟೆ, ಕುಂಟೆ, ಕೂರಿಗೆಗಳು ಹಿತ್ತಲಲ್ಲಿ ಗೆದ್ದಲು ಹಿಡಿದಿವೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಣ್ಣಿನ ಎತ್ತುಗಳನ್ನು ಪೂಜಿಸುವ ಎಷ್ಟೋ ಮನೆಗಳ ಗೋದಲಿಯಲ್ಲಿ ಈಗ ಜೀವಂತ ಎತ್ತು ಇಲ್ಲ. ಬಳಕೆ ನಿಂತಿತು, ಆದರೆ ಅದು ಎತ್ತಿನ ಹಕ್ಕನ್ನು ಒಪ್ಪಿ ನಿಂತದ್ದಲ್ಲ. ಹಾಗಾಗಿ ಬಿಡುಗಡೆಯಾದ ಎತ್ತಿನ ಹೊಣೆಯನ್ನು ಯಾರೂ ಹೊರಲಿಲ್ಲ.

ಕಾನೂನು ಇದಕ್ಕೆ ಇನ್ನೊಂದು ಮುಖ ಕೊಟ್ಟಿದೆ. ಕರ್ನಾಟಕದ 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕೊಡಲು ಅವಕಾಶವಿತ್ತು. 2020ರ ಕಾಯ್ದೆ ಹಸು, ಹೋರಿ, ಎತ್ತುಗಳ ವಧೆಯನ್ನು ಎಲ್ಲ ವಯಸ್ಸಿಗೂ ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗಿಟ್ಟಿತು. ಶಿಕ್ಷೆಯನ್ನು 3ರಿಂದ 7 ವರ್ಷದ ಸೆರೆವಾಸಕ್ಕೆ ಏರಿಸಿತು. ಇದನ್ನು ವಿಮುಕ್ತಿಯೆಂದು ಕರೆಯಲಾಗದು, ಏಕೆಂದರೆ ಎತ್ತು ಇನ್ನೂ ಆಸ್ತಿಯೇ, ಎಮ್ಮೆಯ ಜೀವಕ್ಕೆ ಬೇರೆಯೇ ಅಳತೆ. ಕಲ್ಯಾಣವೆಂದೂ ಪೂರ್ತಿ ಕರೆಯಲಾಗದು, ಏಕೆಂದರೆ ಹಸಿವಿನಿಂದ ಬಿಡುಗಡೆ ಎಂಬ ಮೊದಲ ಸ್ವಾತಂತ್ರ್ಯಕ್ಕೆ ಮೇವು ಬೇಕು, ಮತ್ತು ಮಾರಲಾಗದ ಮುದಿ ಎತ್ತಿನ ಮೇವಿನ ವೆಚ್ಚವೆಲ್ಲ ಬರಗಾಲದ ರೈತನ ತಲೆಯ ಮೇಲೆಯೇ ಉಳಿಯುತ್ತದೆ. ರಾತ್ರಿ ಹೆದ್ದಾರಿಯ ನಡುಪಟ್ಟಿಯ ಮೇಲೆ ಮಲಗಿರುವ ದನಗಳು ಎಲ್ಲಿಂದ ಬಂದವು ಎಂದು ಹುಬ್ಬಳ್ಳಿಯ ಬೈಪಾಸಿನಲ್ಲಿ ಗಾಡಿ ಓಡಿಸುವವರು ಕೇಳುವುದುಂಟು. ಮನೆಯಲ್ಲಿ ಅನ್ನ ಕಂಡ ದನವೇ ಅದು.

ಕೆನಡಾದ ಸೂ ಡೊನಾಲ್ಡ್‌ಸನ್ ಮತ್ತು ವಿಲ್ ಕಿಮ್ಲಿಕ ಎಂಬ ಇಬ್ಬರು ಚಿಂತಕರು 2011ರಲ್ಲಿ ಮೂರನೆಯ ದಾರಿಯೊಂದನ್ನು ಸೂಚಿಸಿದರು. ಸಾವಿರಾರು ವರ್ಷ ನಮ್ಮೊಡನೆ ಬಾಳಿ, ಈಗ ಕಾಡಿಗೆ ಮರಳಲಾರದ ಪ್ರಾಣಿಗಳನ್ನು ಇಲ್ಲವಾಗಿಸುವುದೂ ಅನ್ಯಾಯ, ಸೊತ್ತಾಗಿ ಇಟ್ಟುಕೊಳ್ಳುವುದೂ ಅನ್ಯಾಯ. ಅವನ್ನು ನಮ್ಮ ಸಮಾಜದ ಸದಸ್ಯರೆಂದು, ನಾಗರಿಕರೆಂದೇ ಎಣಿಸಬೇಕು. ಸದಸ್ಯನಾದವನು ದುಡಿಯಬಹುದು, ಆದರೆ ದುಡಿಮೆಗೆ ಮಿತಿ ಇರುತ್ತದೆ. ಕಾಯಿಲೆ ಬಿದ್ದರೆ ಆರೈಕೆ ಇರುತ್ತದೆ. ದುಡಿಯಲಾರದ ಕಾಲಕ್ಕೆ ಅವನನ್ನು ಹೊರಹಾಕುವಂತಿಲ್ಲ. ವಿಮುಕ್ತಿ ವಾದಿಗಳಿಗೆ ಇದು ಸಡಿಲವೆನಿಸುತ್ತದೆ, ಸುಧಾರಣಾವಾದಿಗಳಿಗೆ ದುಬಾರಿ. ನನಗೆ ಇದು ಅಷ್ಟು ದೂರದ ಮಾತಾಗಿ ಕೇಳಿಸಲಿಲ್ಲ.

ನಮ್ಮ ಮನೆಯಲ್ಲಿ ಕೊನೆಯದಾಗಿ ಉಳಿದದ್ದು ಬಲಗಡೆಯ ಎತ್ತು. ಎಡಗಡೆಯದು ಹಾವು ಕಚ್ಚಿ ಸತ್ತ ಮೇಲೆ ಅದಕ್ಕೆ ಜೋಡಿ ಸಿಗಲಿಲ್ಲ, ಅಪ್ಪ ಹುಡುಕಲೂ ಇಲ್ಲ. ಬಾಡಿಗೆಯ ಟ್ರ್ಯಾಕ್ಟರ್ ಹೊಲ ಹರಗಿ ಹೋಗುತ್ತಿತ್ತು. ಎತ್ತು ಬೇವಿನ ಗಿಡದ ಕೆಳಗೆ ನಿಂತು ಜೋಳದ ಕಣಿಕೆ ಮೇಯುತ್ತಿತ್ತು. ಮೂರು ವರ್ಷ ಹಾಗೆ ಕಳೆಯಿತು. ಕೊನೆಕೊನೆಗೆ ಹಲ್ಲು ಉದುರಿ ಕಣಿಕೆ ಅಗಿಯಲಾಗದಾಗ ಅವ್ವ ಹಿಟ್ಟಿನ ಅಂಬಲಿ ಕಾಸಿ ಇಡುತ್ತಿದ್ದಳು. ಹೆಗಲ ಮೇಲೆ ಕೂದಲು ಮತ್ತೆ ಹುಟ್ಟಿತ್ತು. ಸತ್ತಾಗ ಹೊಲದ ಬದುವಿನಲ್ಲೇ ಹೂತೆವು. ಆ ಮೂರು ವರ್ಷ ಮೇವು ಕೊಳ್ಳುವ ಶಕ್ತಿ ನಮಗೆ ಇತ್ತು, ಏಕೆಂದರೆ ಅಣ್ಣನಿಗೆ ಹುಬ್ಬಳ್ಳಿಯಲ್ಲಿ ಸಂಬಳ ಬರುತ್ತಿತ್ತು. ಪಕ್ಕದ ಹೊಲದವರಿಗೆ ಅದು ಇರಲಿಲ್ಲ. ಅವರ ಎತ್ತು ನಮ್ಮದಕ್ಕಿಂತ ಎರಡು ವರ್ಷ ಚಿಕ್ಕದು, ಒಂದು ಬೆಳಗ್ಗೆ ಸಂತೆಗೆಂದು ಹೋದದ್ದು ಮರಳಿ ಬರಲಿಲ್ಲ. ಅವರ ಮನೆಯ ಹೆಣ್ಣುಮಗಳು ಅಂದು ಅದರ ಕೊರಳ ಗೆಜ್ಜೆಯನ್ನು ಬಿಚ್ಚಿಟ್ಟುಕೊಂಡು, ನಮ್ಮ ಅವ್ವನ ಮುಂದೆ ಕುಳಿತು ಬಹಳ ಹೊತ್ತು ಅತ್ತಳು. ಆ ಮೂರು ವರ್ಷದ ಮೇವು ಅವರಿಗೂ ಪಂಚಾಯಿತಿಯಿಂದಲೋ ಹಾಲಿನ ಸಂಘದಿಂದಲೋ ಸರ್ಕಾರದಿಂದಲೋ ಸಿಗುವಂತಿದ್ದರೆ ಅವರು ಎತ್ತನ್ನು ಕಳಿಸುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ.